ಎಲೆ ಕಾಯುವುದಿಲ್ಲ

2023ರ ಸೆಪ್ಟೆಂಬರ್. ಸಂಜೆ ಕೆಲಸ ಮುಗಿಸಿ ನೀಲಗಿರಿಯ ಕೋಟಗಿರಿಯಿಂದ ಹತ್ತಿದ ಬಸ್ಸು ನಟ್ಟಕಲ್ಲಿನ ಹತ್ತಿರ ನಿಧಾನವಾಯಿತು, ಆಮೇಲೆ ನಿಂತೇಬಿಟ್ಟಿತು. ಕಿಟಕಿಯ ಮಬ್ಬನ್ನು ಸೆರಗಿನಿಂದ ಒರೆಸಿ ನೋಡಿದೆ. ಶಾಮಿಯಾನದ ಕೆಳಗೆ ಬಿಳಿ ಬಟ್ಟೆಯ ಜನ ಸಾಲುಸಾಲಾಗಿ ಕೂತಿದ್ದರು. ಹೆಂಗಸರು ಬಿಳಿ ಮುಂಡು ಉಟ್ಟು ತಲೆಗೂ ಬಿಳಿ ವಸ್ತ್ರ ಬಿಗಿದಿದ್ದರು, ಮುದುಕರು ರುಮಾಲು ಸುತ್ತಿದ್ದರು. ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ಹಬ್ಬಕ್ಕೂ ಸಾವಿಗೂ ಈ ಬೆಟ್ಟದ ಬಡಗರು ಉಡುವುದು ಬಿಳಿಯನ್ನೇ. ಅವರ ದೇವರು ಹೆತ್ತೆಯ ಹಬ್ಬಕ್ಕಾದರೆ ಇನ್ನೂ ಚಳಿಗಾಲ ಬರಬೇಕು.

ಆದರೆ ಅಲ್ಲಿ ಅಳುವಿರಲಿಲ್ಲ. ಹಲಗೆಯೊಂದರ ಮೇಲೆ ದೊಡ್ಡದಾಗಿ ಒಂದು ಅಂಕಿ ಬರೆದಿತ್ತು: 33.75.

ಬಸ್ಸು ಹೊರಡುವ ಹಾಗೆ ಕಾಣಲಿಲ್ಲ. ಇಳಿದೆ.

ನಾನು ಚಾಮರಾಜನಗರದ ಕಡೆಯವಳು. ಈ ಬೆಟ್ಟಕ್ಕೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಊರಿನ ಹೆಸರುಗಳು. ಎಲ್ಲಿ ನೋಡಿದರೂ ಹಟ್ಟಿ. ನಾಲ್ಕು ಬೆಟ್ಟದ ಬಡಗರು ಒಟ್ಟಾಗಿ ತಮ್ಮನ್ನು ನಾಕ್ಕುಬೆಟ್ಟ ಎಂದು ಕರೆದುಕೊಳ್ಳುತ್ತಾರೆ. ನಟ್ಟಕಲ್ಲು ಎಂದರೆ ನನಗೆ ಯಾರೂ ಅರ್ಥ ಹೇಳಬೇಕಿಲ್ಲ, ನೆಟ್ಟ ಕಲ್ಲು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ, ಬಡಗಣ ದಿಕ್ಕಿನಿಂದ ಬಂದವರೆಂದು ಇವರೇ ಹೇಳುತ್ತಾರೆ. 1603ರಲ್ಲಿ ಈ ಬೆಟ್ಟ ಹತ್ತಿದ ಫಿನಿಸಿಯೊ ಎಂಬ ಪಾದ್ರಿ ಬರೆದಿಟ್ಟದ್ದರಲ್ಲಿ ಆಗಲೇ ಬಡಗರಿದ್ದಾರೆ. ಬಡಗರ ಮಾತು ನನ್ನ ಅಜ್ಜಿ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಅರ್ಧ ತಿಳಿಯುತ್ತದೆ, ಉಳಿದರ್ಧ ಇನ್ನೇನು ತಿಳಿಯಿತು ಅನ್ನುವಷ್ಟರಲ್ಲಿ ಜಾರಿಹೋಗುತ್ತದೆ.

ಅಲ್ಲಿ ಕೂತಿದ್ದವರು ಎಲೆಗೆ ಬೆಲೆ ಕೇಳಿ ಉಪವಾಸ ಹಿಡಿದ ಚಾ ಬೆಳೆಗಾರರು. ಅಂದು ಭಾಷಣ ತಮಿಳಿನಲ್ಲಿ ಶುರುವಾಗಿ ಬಡಗು ಮಾತಿಗೆ ಹೊರಳಿ ಮತ್ತೆ ತಮಿಳಿಗೆ ಮರಳುತ್ತಿತ್ತು. ಲೆಕ್ಕ ಮಾತ್ರ ಪೂರ್ತಿ ತಿಳಿಯಿತು. ಒಂದು ಕಿಲೋ ಹಸಿರೆಲೆ ಬೆಳೆದು ಕೊಯ್ದು ಕೊಡಲು ತಗಲುವ ಖರ್ಚು 22 ರೂಪಾಯಿ 50 ಪೈಸೆ. ರೈತರ ಬೆಳೆಗೆ ಬೆಲೆ ಕಟ್ಟುವ ಬಗ್ಗೆ ಸ್ವಾಮಿನಾಥನ್ ಆಯೋಗ ಹೇಳಿದಂತೆ ಅದರ ಮೇಲೆ ಅರ್ಧ ಸೇರಿಸಿದರೆ 33 ರೂಪಾಯಿ 75 ಪೈಸೆ. ಆಗ ಕೈಗೆ ಬರುತ್ತಿದ್ದುದು ಅದರ ಅರ್ಧದ ಆಸುಪಾಸು. ಎಂದರೆ ಖರ್ಚೂ ಹುಟ್ಟುತ್ತಿರಲಿಲ್ಲ. ಆ ಹಲಗೆಯ ಮೇಲೆ ಬೈಗುಳವಿರಲಿಲ್ಲ, ದಯಮಾಡಿ ಎಂಬ ಮಾತೂ ಇರಲಿಲ್ಲ. ಪೈಸೆಯವರೆಗೆ ಬಿಡಿಸಿದ ಒಂದು ಗುಣಾಕಾರವಿತ್ತು. ನನಗೆ ಅದರಲ್ಲಿ ಕಂಡದ್ದು ಮರ್ಯಾದೆ.

ಹುಡುಗನೊಬ್ಬ ಬೈಕು ನಿಲ್ಲಿಸಿ ಬಂದ. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಮೊದಲ ಸಾಲಿನ ಮುದುಕರ ಮುಂದೆ ಒಬ್ಬೊಬ್ಬರಿಗೂ ತಲೆ ಬಾಗಿಸಿದ. ಒಬ್ಬೊಬ್ಬರೂ ಅವನ ನೆತ್ತಿಯ ಮೇಲೆ ಕೈಯಿಟ್ಟು ಹರಸಿದರು. ಮೈಕಿನಲ್ಲಿ ಮಾತು ನಡೆದೇ ಇತ್ತು, ಪೊಲೀಸಿನವರು ಪಕ್ಕದಲ್ಲೇ ನಿಂತಿದ್ದರು. ಹರಕೆ ತನ್ನ ಪಾಡಿಗೆ ತಾನು ಸಾಲಿನ ಕೊನೆಯವರೆಗೂ ಹೋಯಿತು. ಆಮೇಲೆ ಅವನು ಹಿಂದೆ ಹೋಗಿ ಕೂತ.

ನಾನು ಅಂಚಿನಲ್ಲಿ ನಿಂತದ್ದನ್ನು ಕಂಡು ಅಜ್ಜಿಯೊಬ್ಬರು ಸರಿದು ಜಾಗ ಮಾಡಿದರು. ಅಜ್ಜಿಗೆ ಇವರಲ್ಲಿ ಹೆತ್ತೆ ಅನ್ನುತ್ತಾರೆ, ಊರೆಲ್ಲ ಪೂಜಿಸುವ ದೇವರಿಗೂ ಅದೇ ಹೆಸರು. “ಊಟ ಆಯಿತಾ ಹೆತ್ತೆ?” ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಉಪವಾಸ ಕೂತವರನ್ನು! ಅವರು ನಕ್ಕು ನನ್ನ ಮೊಣಕೈ ತಟ್ಟಿದರು. ಇವತ್ತು ತಮ್ಮ ಸರದಿ, ನಾಳೆ ಬೇರೆಯವರು ಕೂರುತ್ತಾರೆ, ತಾವು ಎಲೆ ಕೊಯ್ಯಲು ಹೋಗಬೇಕು ಎಂದರು. ಅವರ ಹೆಬ್ಬೆರಳು, ತೋರುಬೆರಳ ತುದಿ ಕಪ್ಪಗಿದ್ದವು. ಉಗುರಿನ ಸುತ್ತ ಚರ್ಮ ಸೀಳಿ, ಸೀಳಿನೊಳಗೂ ಎಲೆಯ ಕಂದು ಕರೆ ಕೂತಿತ್ತು. ತೊಳೆದರೆ ಹೋಗುವ ಕರೆಯಲ್ಲ ಅದು.

ಸರದಿ ಉಪವಾಸ ಯಾಕೆ ಎಂಬುದು ಆಗ ಹೊಳೆಯಿತು. ಚಾ ಎಲೆ ಕಾಯುವುದಿಲ್ಲ. ಕೊಯ್ದ ಎಲೆ ಅಂದೇ ಫ್ಯಾಕ್ಟರಿ ಸೇರಬೇಕು, ಇಲ್ಲದಿದ್ದರೆ ಚೀಲದಲ್ಲೇ ಬಿಸಿಯಾಗಿ ಕೆಡುತ್ತದೆ. ಕೊಯ್ಯದೆ ಬಿಟ್ಟರೆ ಗಿಡದಲ್ಲೇ ಬಲಿತು ಒರಟಾಗುತ್ತದೆ. ರಾಗಿಯಾದರೆ ಕಣಜದಲ್ಲಿಟ್ಟು ಬೆಲೆ ಬರುವ ತನಕ ನೋಡಬಹುದು. ಈ ಬೆಟ್ಟದವರೂ ಒಂದು ಕಾಲಕ್ಕೆ ರಾಗಿ, ಸಾಮೆ ಬೆಳೆದವರೇ. ಚಾ ಬೆಳೆಗಾರ ಇಂದು ಎಲೆ ಕೊಟ್ಟುಬಿಡುತ್ತಾನೆ, ಬೆಲೆ ಆಮೇಲೆ ತಿಳಿಯುತ್ತದೆ. ಸುಮಾರು ನಾಲ್ಕೂವರೆ ಕಿಲೋ ಎಲೆ ಒಂದು ಕಿಲೋ ಪುಡಿಯಾಗಿ ಕೂನೂರಿನ ಹರಾಜಿಗೆ ಹೋಗುತ್ತದೆ. ಅಲ್ಲಿ ಹೋದ ಬೆಲೆಯಿಂದ ಲೆಕ್ಕ ಹಿಡಿದು ಟೀ ಬೋರ್ಡ್ ತಿಂಗಳ ಸರಾಸರಿ ದರ ಸಾರುತ್ತದೆ. ಫ್ಯಾಕ್ಟರಿಯವರೂ ಅದೇ ಹರಾಜಿನ ಏರಿಳಿತದಲ್ಲಿರುವವರೇ. ಸಣ್ಣ ಬೆಳೆಗಾರರ ಸಹಕಾರಿ ಫ್ಯಾಕ್ಟರಿಗಳಿವೆ, 1965ರಿಂದ ಅವುಗಳ ಒಕ್ಕೂಟ ಇಂಡ್ಕೊಸರ್ವ್ ಇದೆ. ಆದರೂ ಹರಾಜು ಇಳಿದಾಗ ಆ ಇಳಿತ ಕೊನೆಗೆ ಬಂದು ತಂಗುವುದು ಈ ಬೆರಳುಗಳ ಮೇಲೆ.

ಸರಕನ್ನು ತಡೆದಿಡಲು ಆಗದವರು ತಮ್ಮನ್ನೇ ತಡೆದು ಕೂರಿಸಿದ್ದರು. ಮನೆಗೊಬ್ಬರು ಕೂತರೆ ಮನೆಗೊಬ್ಬರು ತೋಟಕ್ಕೆ. ಹಟದಲ್ಲೂ ಗಿಡವನ್ನು ಉಪವಾಸ ಕೆಡವದ ಹಟ. ಇದು ನನ್ನನ್ನು ತುಂಬ ಕಲಕಿತು. ಎಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ! ತೋಟದ ಹಸಿರು ನೋಡಿ ಕಣ್ಣು ತಂಪಾಯಿತೆಂದು ಊರಿಗೆ ಫೋನಿನಲ್ಲಿ ಹೇಳಿದ್ದೇನೆ. ಆ ಹಸಿರು ಒಬ್ಬರ ಸಾಲದ ಲೆಕ್ಕವೂ ಹೌದೆಂದು ಬಸ್ಸಿನ ಕಿಟಕಿಯಿಂದ ನನಗೆ ಕಂಡಿರಲಿಲ್ಲ.

ಬಸ್ಸಿನವನು ಹಾರ್ನ್ ಹೊಡೆದ. ಎದ್ದೆ. ಯಾಕೆ ಮಾಡಿದೆನೋ, ಹೆತ್ತೆಯ ಮುಂದೆ ತಲೆ ಬಾಗಿಸಿದೆ. ನೆತ್ತಿಯ ಮೇಲೆ ಕೈ ಬಿತ್ತು, ಒರಟು, ಬೆಚ್ಚಗೆ. ಹರಕೆಯ ಮಾತು ಉದ್ದವಿತ್ತು, ಪೂರ್ತಿ ತಿಳಿಯಲಿಲ್ಲ.

ಮರುದಿನ ಸಂಜೆ ಕಿಟಕಿಯ ಪಕ್ಕವೇ ಸೀಟು ಹಿಡಿದೆ. ಶಾಮಿಯಾನ ಇತ್ತು, ಹಲಗೆ ಇತ್ತು, ಬಿಳಿ ಬಟ್ಟೆಯ ಸಾಲೂ ಇತ್ತು. ಮುಖಗಳು ಬೇರೆ. ತಿರುವು ದಾಟಿದ ಮೇಲೆ ರಸ್ತೆಯ ಕೆಳಗಿನ ತೋಟದಲ್ಲಿ ತಲೆಗೆ ಬಿಳಿ ವಸ್ತ್ರ ಬಿಗಿದ ಒಬ್ಬರು, ಬೆನ್ನಿಗೆ ಚೀಲ, ಇನ್ನೂ ಕೊಯ್ಯುತ್ತಲೇ ಇದ್ದರು. ಮಂಜು ಇಳಿಯುತ್ತಿತ್ತು. ಅವರೇನಾ ಎಂದು ಬಗ್ಗಿ ನೋಡುವಷ್ಟರಲ್ಲಿ ಬಸ್ಸು ಮುಂದಿನ ತಿರುವಿಗೆ ಹೊರಳಿತು.