ನಿದ್ದೆ ಹೋದ ಬುಗುರಿ

ನಮ್ಮ ಬೀದಿಯ ಹುಡುಗರ ಬಾಯಲ್ಲಿ ಒಂದು ಮಾತಿತ್ತು: "ಶ್‌, ಬುಗುರಿ ನಿದ್ದೆ ಹೋಗಿದೆ." ಚಾಟಿಯಿಂದ ಬಿಡಿಸಿಕೊಂಡು ನೆಲ ಮುಟ್ಟಿದ ಬುಗುರಿ ಮೊದಲು ಕುಣಿಯುತ್ತದೆ, ಅತ್ತಿತ್ತ ಓಡುತ್ತದೆ, ಆಮೇಲೆ ಎಲ್ಲೋ ಒಂದು ಜಾಗ ಹಿಡಿದು ಸುಮ್ಮನಾಗುತ್ತದೆ. ಎಷ್ಟು ಸುಮ್ಮನೆಂದರೆ, ಗೊತ್ತಿಲ್ಲದವರು ಯಾರೋ ಅದನ್ನು ಅಲ್ಲಿ ನೆಟ್ಟು ಹೋಗಿದ್ದಾರೆ ಅಂದುಕೊಳ್ಳಬೇಕು. ಸೋತಾಗ ಹೊಡೆಸಿಕೊಂಡ ಗುನ್ನಗಳೆಲ್ಲ ಆ ಹೊತ್ತಿಗೆ ಮಾಯ. ಮೈ ನುಣ್ಣಗೆ, ಹೊಸದರ ಹಾಗೆ. ಕಿವಿ ಹತ್ತಿರ ತಂದರೆ ಮಾತ್ರ ಜೇನುಹುಳುವಿನಂಥ ಗುಂಯ್‌ ಸದ್ದು. ಎಂಥ ಜಗಳಗಂಟ ಹುಡುಗನೂ ಆಗ ಉಸಿರು ಬಿಗಿಹಿಡಿದು ಕೂರುತ್ತಿದ್ದ.

ಎಷ್ಟೋ ವರ್ಷದ ಮೇಲೆ ಭೌತಶಾಸ್ತ್ರದ ಪುಸ್ತಕವೊಂದರಲ್ಲಿ ಇದೇ ಸ್ಥಿತಿಗೆ ಇಂಗ್ಲಿಷಿನವರು ಇಟ್ಟ ಹೆಸರು ನೋಡಿದೆ. ಅವರೂ 'ನಿದ್ರಿಸುವ ಬುಗುರಿ' ಎಂದೇ ಅನ್ನುತ್ತಾರೆ. ಮೈ ಜುಮ್ಮೆಂದಿತು. ನಮ್ಮ ಬೀದಿಯ ಮಾತನ್ನು ಅಲ್ಲಿಗೆ ಯಾರೂ ಒಯ್ದಿರಲಾರರು. ನೋಡಿದವರಿಗೆಲ್ಲ ಹಾಗೇ ಕಂಡಿದೆ.

ನನ್ನ ಬುಗುರಿಯನ್ನು ತಂದುಕೊಟ್ಟವರು ತಾತ. ಮೈಸೂರಿನಿಂದ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ತಂದದ್ದು. ಕೆಂಪು, ಹಳದಿ, ಹಸಿರು ಪಟ್ಟಿಗಳು, ತುದಿಗೆ ಮೊಳೆ. ಮೊದಲ ವಾರ ಅದು ನನ್ನ ಮಾತು ಕೇಳಲಿಲ್ಲ. ಚಾಟಿ ಸುತ್ತಿ ಎಸೆದರೆ ಮಗ್ಗುಲಾಗಿ ಬಿದ್ದು ಉರುಳುತ್ತಿತ್ತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ತಿರುಗಿಸದೆಯೇ ಅದನ್ನು ಮೊಳೆಯ ಮೇಲೆ ನಿಲ್ಲಿಸಲು ಕೂತೆ. ಎರಡು ಬೆರಳಲ್ಲಿ ಹಿಡಿದು, ಉಸಿರಾಡದೆ, ಮೆಲ್ಲಗೆ ಬಿಡುವುದು. ಬೀಳುತ್ತಿತ್ತು. ಮತ್ತೆ ಹಿಡಿಯುವುದು. ಮತ್ತೆ ಬೀಳುತ್ತಿತ್ತು. ಬೆಳಿಗ್ಗೆ ತಾತನನ್ನು ಕೇಳಿದೆ: "ಸುಮ್ಮನೆ ಇದ್ದರೆ ಬೀಳುತ್ತೆ, ಓಡುತ್ತಿದ್ದರೆ ನಿಲ್ಲುತ್ತೆ, ಯಾಕೆ?" ತಾತ ಬಹಳ ಹೊತ್ತು ಯೋಚಿಸಿ, "ನನಗೂ ಗೊತ್ತಿಲ್ಲ ಮಗು, ಇನ್ನೊಂದು ಸಲ ಬಿಡು, ನೋಡೋಣ" ಅಂದರು. ಇಬ್ಬರೂ ಜಗಲಿಯಲ್ಲಿ ಕೂತು ನೋಡಿದೆವು. ನನಗೆ ಸಿಕ್ಕ ಉತ್ತರಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ.

ದೊಡ್ಡವನಾದ ಮೇಲೆ ಚನ್ನಪಟ್ಟಣಕ್ಕೆ ಹೋಗಿದ್ದೆ, ಬುಗುರಿ ಹುಟ್ಟುವುದನ್ನು ನೋಡಲೆಂದೇ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್‌. ಅಲ್ಲಿನ ಆಟಿಕೆಗಳಿಗೆ ಹೆಚ್ಚಾಗಿ ಬಳಸುವುದು ಹಾಲೆ ಮರ. ಅಲ್ಲಿಯವರ ಬಾಯಲ್ಲಿ ಆಲೆ ಮರ. ಬೆಳ್ಳನೆಯ ನಯವಾದ ಕಟ್ಟಿಗೆ. ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾರೆ, ಉಳಿ ಹಿಡಿಯುತ್ತಾರೆ, ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಆಮೇಲೆ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಒಣಗರಿ ಒತ್ತಿದರೆ ಹೊಳಪು. ಮರದ ಕೊಂಬೆಗಳ ಮೇಲೆ ಸಾಲುಗಟ್ಟಿ ಕೂರುವ ಸಣ್ಣ ಹುಳು ಒಸರುವ ಅರಗು, ಬೇಲಿಯ ಕೇದಗೆ, ಒಂದು ತುಂಡು ಕಟ್ಟಿಗೆ. ನನ್ನ ಬುಗುರಿಯ ಪಟ್ಟಿಗಳು ಅಷ್ಟು ಸರಿಯಾಗಿ ದುಂಡಗಿದ್ದದ್ದು ಹೇಗೆಂದು ಅವತ್ತು ತಿಳಿಯಿತು. ಅದು ಸುತ್ತುತ್ತಲೇ ಆಕಾರ ಪಡೆದಿತ್ತು, ಸುತ್ತುತ್ತಲೇ ಬಣ್ಣ ಬಳಿಸಿಕೊಂಡಿತ್ತು. ನನ್ನ ಅಂಗಳಕ್ಕೆ ಬಂದು ಮಾಡಿದ್ದೂ ಅದೇ ಕೆಲಸ.

ತಾತನಿಗೆ ಗೊತ್ತಿಲ್ಲದ ಉತ್ತರವನ್ನು ಓದಿ ತಿಳಿದುಕೊಂಡೆ. ನೀವೇ ಮಾಡಿ ನೋಡಬಹುದು. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಅಚ್ಚಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಬ್ಬರಿಂದ ಜೋರಾಗಿ ತಿರುಗಿಸಿ. ಈಗ ಚಕ್ರವನ್ನು ಒಂದು ಪಕ್ಕಕ್ಕೆ ವಾಲಿಸಲು ಹೋಗಿ. ನೀವು ಒತ್ತಿದ ಕಡೆಗೆ ಅದು ಬಾಗುವುದಿಲ್ಲ, ಹಾವಿನ ಹಾಗೆ ನುಣುಚಿ ಬೇರೆ ದಿಕ್ಕಿಗೆ ಹೊರಳುತ್ತದೆ. ಬುಗುರಿಯದೂ ಇದೇ ಕಥೆ. ನೆಲ ಅದನ್ನು ಕೆಳಕ್ಕೆಳೆಯುತ್ತದೆ, ತಿರುಗುವ ಬುಗುರಿ ಆ ಎಳೆತವನ್ನು ಪಕ್ಕದ ನಡೆಯಾಗಿ ಮಾಡಿಕೊಳ್ಳುತ್ತದೆ. ಬೀಳಬೇಕಾದ ತಲೆ ಮೆಲ್ಲಗೆ ಒಂದು ವೃತ್ತ ಬರೆಯುತ್ತದೆ. ಓಟ ತಗ್ಗಿದಂತೆ ವೃತ್ತ ಅಗಲವಾಗುತ್ತದೆ, ಕೊನೆಗೆ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಉತ್ತರ ಸಿಕ್ಕ ಮೇಲೆ ಬೆರಗು ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ತೆಗೆದ ಒಂದು ಹಳೆಯ ಫೋಟೋ ಇದೆ. 1922ರ ನೊಬೆಲ್‌ ಪಡೆದ ನೀಲ್ಸ್‌ ಬೋರ್‌, 1945ರ ನೊಬೆಲ್‌ ಪಡೆದ ವೋಲ್ಫ್‌ಗಾಂಗ್‌ ಪೌಲಿ, ಇಬ್ಬರೂ ಸೊಂಟ ಬಗ್ಗಿಸಿ ನೆಲ ನೋಡುತ್ತಿದ್ದಾರೆ. ನೆಲದ ಮೇಲೆ ಒಂದು ಪುಟ್ಟ ಬುಗುರಿ, ತಿರುಗುತ್ತ ತಿರುಗುತ್ತ ತಾನೇ ತಲೆಕೆಳಗಾಗಿ ಹಿಡಿಕೆಯ ಮೇಲೆ ನಿಲ್ಲುವ ಜಾತಿಯದು. ಪರಮಾಣುವಿನ ಒಳಗನ್ನು ಬಗೆದು ನೋಡಿದವರ ಆ ಬಗ್ಗಿದ ಬೆನ್ನು ನಮ್ಮ ಬೀದಿಯ ಹುಡುಗರದೇ.

ಇನ್ನು ಭೂಮಿಯ ವಿಷಯ. ಅದೂ ಓರೆಯಾಗಿ ತಿರುಗುವ ಬುಗುರಿ. ವಾಲು ಸುಮಾರು 23.5 ಡಿಗ್ರಿ. ನಡುಭಾಗ ಸ್ವಲ್ಪ ಉಬ್ಬಿದೆ; ಸಮಭಾಜಕದ ವ್ಯಾಸ ಧ್ರುವದಿಂದ ಧ್ರುವಕ್ಕಿರುವುದಕ್ಕಿಂತ ಸುಮಾರು 43 ಕಿಲೋಮೀಟರ್‌ ಹೆಚ್ಚು. ಚಂದ್ರನೂ ಸೂರ್ಯನೂ ಆ ಉಬ್ಬನ್ನು ಹಿಡಿದು ಎಳೆಯುತ್ತಾರೆ. ನನ್ನ ಬುಗುರಿಯನ್ನು ನೆಲ ಬೀಳಿಸಲು ನೋಡುತ್ತಿತ್ತು, ಇವರಿಬ್ಬರೂ ಭೂಮಿಯನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತಾರೆ. ಅದು ನೆಟ್ಟಗಾಗುವುದಿಲ್ಲ, ತಲೆ ತಿರುಗಿಸುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಮದುವೆಯ ರಾತ್ರಿ ಸ್ಥಿರತೆಗೆ ಸಾಕ್ಷಿಯೆಂದು ವಧೂವರರಿಗೆ ತೋರಿಸುವ ಧ್ರುವ ನಕ್ಷತ್ರ ಆ ಜಾಗಕ್ಕೆ ಬಂದದ್ದೂ ಈ ತಲೆದೂಗಿನಿಂದಲೇ. ಸುಮಾರು 12,000 ವರ್ಷ ಕಳೆದರೆ ಉತ್ತರದ ಆ ಪೀಠದ ಹತ್ತಿರ ಅಭಿಜಿತ್‌ ನಕ್ಷತ್ರ ಇರುತ್ತದೆ.

ಇದಕ್ಕೆ ಪುರಾವೆ ನಮ್ಮ ಅಡುಗೆಮನೆಯಲ್ಲೇ ಇದೆ. ಸೂರ್ಯ ಉತ್ತರಕ್ಕೆ ಹೊರಳುವುದು ಡಿಸೆಂಬರ್‌ 21 ಅಥವಾ 22ಕ್ಕೆ. ನಾವು ಉತ್ತರಾಯಣ ಪುಣ್ಯಕಾಲವೆಂದು ಎಳ್ಳುಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸಂಕ್ರಾಂತಿಯನ್ನು ನಾವು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿದಿದ್ದೇವೆ, ಋತು ಹಿಡಿಯುವುದು ಭೂಮಿಯ ವಾಲನ್ನು. ಬುಗುರಿ ತಲೆ ತಿರುಗಿಸಿದಂತೆ ಎರಡೂ ದೂರವಾಗುತ್ತ ಹೋಗುತ್ತವೆ, ಸುಮಾರು 71 ವರ್ಷಕ್ಕೆ ಒಂದು ದಿನದಂತೆ. ಈಗಿನ 24 ದಿನದ ಅಂತರವನ್ನು ಹಿಂದಕ್ಕೆ ಎಣಿಸಿದರೆ, ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡಿದ್ದವು. ಒಂದು ದಿನ ಜಾರಲು ಒಂದು ಆಯುಸ್ಸು ಬೇಕು. ತಾತ ಹುಟ್ಟಿದಾಗಿನಿಂದ ನಾನು ಇದನ್ನು ಬರೆಯುವ ಹೊತ್ತಿಗೆ ಅದು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಜಾರಿರಬಹುದು. ಜಗಲಿಯಲ್ಲಿ ನಾವಿಬ್ಬರೂ ಆ ಚಿಕ್ಕ ಬುಗುರಿಯನ್ನು ನೋಡುತ್ತ ಕೂತಿದ್ದಾಗ, ನಾವು ಕೂತಿದ್ದ ಈ ದೊಡ್ಡ ಬುಗುರಿಯೂ ತಿರುಗುತ್ತಲೇ ಇತ್ತು. ಎಂಥ ನಿದ್ದೆ ಅದರದು! ಒಂದಿಷ್ಟೂ ಸದ್ದಿಲ್ಲ.

ಮುಂದಿನ ಸಂಕ್ರಾಂತಿಗೆ ಮಕ್ಕಳಿಗೆ ಎಳಚಿ ಹಣ್ಣು ಎರೆಯುವಾಗ, ಕಬ್ಬಿನ ತುಂಡು, ಚಿಲ್ಲರೆ ಕಾಸಿನ ಜೊತೆ ಒಂದು ಮರದ ಬುಗುರಿಯನ್ನೂ ಕೊಡಿ. ಅದು ಯಾಕೆ ನಿಲ್ಲುತ್ತದೆ ಎಂದು ಮಗು ಕೇಳಿದರೆ ಉತ್ತರ ಹೇಳಲು ಅವಸರಪಡಬೇಡಿ. ಪಕ್ಕದಲ್ಲಿ ಕೂತು, ಇನ್ನೊಂದು ಸಲ ಬಿಡು ಅನ್ನಿ.