ತದಿಗೆಯ ದಿನದ ಸ್ಟೇಟಸ್

ವೈಶಾಖ ಶುದ್ಧ ತದಿಗೆಯಂದು ನಮ್ಮಲ್ಲಿ ಅಕ್ಷಯ ತೃತೀಯವೂ ಹೌದು, ಬಸವ ಜಯಂತಿಯೂ ಹೌದು. ಉತ್ತರ ಕರ್ನಾಟಕದ ಊರುಗಳಲ್ಲಿ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರವಣಿಗೆಗೆ ಸಜ್ಜು ಮಾಡುವ ಹೊತ್ತಿಗೆ ಫೋನಿನಲ್ಲಿ ಚಿನ್ನದಂಗಡಿಗಳ ಶುಭಾಶಯಗಳು ಸಾಲುಗಟ್ಟಿರುತ್ತವೆ. ಅಂಥದ್ದೊಂದು ಪೋಸ್ಟರನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ. ಎಡಗಡೆ ಕುದುರೆಯೇರಿದ ಬಸವಣ್ಣ. ಬಲಗಡೆ ಅವನಿಗಿಂತ ದೊಡ್ಡದಾಗಿ, ಕೈಮುಗಿದು ನಿಂತ ಮಾಲೀಕರು. ಕೆಳಗೆ ಮಜೂರಿಯಲ್ಲಿ ರಿಯಾಯಿತಿ, ಅದರಡಿ ಕಣ್ಣಿಗೆ ಬೀಳದಷ್ಟು ಸಣ್ಣಗೆ ‘ಷರತ್ತುಗಳು ಅನ್ವಯ’. ರಾಜ ಬಿಜ್ಜಳನ ಭಂಡಾರ ನೋಡಿಕೊಂಡವನಿಗೆ ಚಿನ್ನವೇನೂ ಹೊಸದಲ್ಲ, ನಿಜ.

ಈ ತದಿಗೆ ಕೊಡುವವರ ದಿನವಾಗಿತ್ತು. ಬಿರುಬೇಸಿಗೆಗೆ ತಕ್ಕಂತೆ ನೀರು ತುಂಬಿದ ಕೊಡ, ಬೀಸಣಿಗೆ, ಕೊಡೆ, ಮೆಟ್ಟು ದಾನ ಮಾಡುವ ರೂಢಿ. ಅಂದು ಕೊಟ್ಟದ್ದರ ಫಲ ಸವೆಯದೆಂಬ ನಂಬಿಕೆ. ವರ್ಷಕಾಲ ಉಪವಾಸವಿದ್ದ ಋಷಭನಾಥನಿಗೆ ಶ್ರೇಯಾಂಸ ಕಬ್ಬಿನ ಹಾಲು ನೀಡಿದ ದಿನವೆಂದು ಜೈನರೂ ಇದನ್ನು ನೆನೆಯುತ್ತಾರೆ. ಕೊಡುವ ದಿನ ಕೊಳ್ಳುವ ದಿನವಾಗಲು ಜಾಹೀರಾತು ಹೆಚ್ಚು ಬೆವರಬೇಕಾಗಲಿಲ್ಲ. ಒಪ್ಪಿಕೊಳ್ಳಲು ನಮಗೂ ಕಷ್ಟವಾಗಲಿಲ್ಲ.

ಹಾಗೆಂದು ಹಬ್ಬದಲ್ಲಿ ವ್ಯಾಪಾರ ಮಾಡುವುದನ್ನೇ ಹಳಿಯುವುದು ಬೂಟಾಟಿಕೆ. ದೀಪಾವಳಿಗೆ ಗಿರಾಕಿಗಳನ್ನು ಅಂಗಡಿ ಪೂಜೆಗೆ ಕರೆದು ಪೇಢೆ, ಕ್ಯಾಲೆಂಡರ್ ಕೊಟ್ಟವರಿಗೂ ಲೆಕ್ಕಾಚಾರವಿತ್ತು. ಆದರೆ ಅವರು ಕರೆಯುತ್ತಿದ್ದುದು ಮುಖಪರಿಚಯ ಇದ್ದವರನ್ನು. ಈಗ ಫೇಸ್‌ಬುಕ್ಕಿನಲ್ಲಿ ದುಡ್ಡು ಕಟ್ಟಿದರೆ, ವಯಸ್ಸು ಇಷ್ಟು, ಅಂಗಡಿಯಿಂದ ದೂರ ಇಷ್ಟು ಎಂದು ಆರಿಸಿ ಜನರೆದುರು ಜಾಹೀರಾತು ನಿಲ್ಲಿಸಬಹುದು. ನೋಡುವವರಿಗೆ ಅದು ಶುಭಾಶಯ. ಕಳಿಸಿದವರ ಪುಟದಲ್ಲಿ ಅದೇ ಒಂದು ಕ್ಲಿಕ್ಕಿಗೆ ಬಿದ್ದ ಖರ್ಚು.

ನನ್ನನ್ನು ಕಾಡುವುದು ಖರ್ಚಲ್ಲ, ಅವಸರ. ‘ಕೆಲವೇ ಗಂಟೆಗಳು ಬಾಕಿ’ ಎಂಬ ಸಾಲು ಎಲ್ಲ ಹಬ್ಬಕ್ಕೂ ಬರುತ್ತದೆ. ಹಬ್ಬ ಮುಗಿದರೂ ಗ್ರಾಹಕರ ಒತ್ತಾಯದ ಮೇರೆಗೆ ಒಂದು ವಾರ ಮುಂದುವರಿಯುತ್ತದೆ. ಒತ್ತಾಯಿಸಿದ ಗ್ರಾಹಕರು ಯಾರೋ, ಇನ್ನೂ ಭೇಟಿಯಾಗಿಲ್ಲ.

ಧಾರವಾಡದಲ್ಲಿ ಮನೆಯಲ್ಲೇ ಹೋಳಿಗೆ ಮಾಡಿ ಮಾರುವ ಅಕ್ಕನೊಬ್ಬಳು ಗೊತ್ತು. ಅವಳಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ವಾಟ್ಸ್ಯಾಪ್ ಸ್ಟೇಟಸ್ ಮಾತ್ರ, ಅದೂ 24 ಗಂಟೆಯ ಬಾಳಿಕೆಯದು. ಹಬ್ಬದ ಹಿಂದಿನ ದಿನ ಹಾಕುತ್ತಾಳೆ: ‘ನಾಳೆ ಅರವತ್ತ ಹೋಳಿಗಿ ಅಷ್ಟ. ಲಗೂ ಹೇಳ್ರಿ.’ ಚಿನ್ನದಂಗಡಿಯದೂ ಇವಳದೂ ಒಂದೇ ಮಾತು: ಬೇಗ ಬನ್ನಿ, ಮುಗಿದುಹೋಗುತ್ತದೆ. ಪರದೆಯ ಮೇಲೆ ಎರಡಕ್ಕೂ ಒಂದೇ ಬಣ್ಣ. ಆದರೆ ಅರವತ್ತೆಂಬ ಲೆಕ್ಕ ಅವಳ ರಟ್ಟೆಯದು, ಹಂಚಿನದು, ಕಡಲೆಬೇಳೆ ಬೇಯುವ ಹೊತ್ತಿನದು. ಇನ್ನೊಂದರಲ್ಲಿ ಕೊರತೆಯನ್ನೇ ಕೂತು ತಯಾರಿಸಿದ್ದಾರೆ.

ಇಲ್ಲಿ ನನಗೆ ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವಳು. ಬಸವಣ್ಣನ ಚಿತ್ರದ ಕೆಳಗೆ ರಿಯಾಯಿತಿ ಬರೆದವರು ಲಕ್ಕಮ್ಮನ ಚಿತ್ರದ ಕೆಳಗೆ ಬರೆಯಲು ಹಿಂಜರಿದಾರು. ಹೆಂಡ ಮಾರುತ್ತಲೇ, ಕುಡಿಯಲು ಬಂದವರಿಗೆ ಕುಡಿತದ ಕೇಡು ತಿಳಿಹೇಳುತ್ತಿದ್ದನೆಂದು ಇನ್ನೊಬ್ಬ ಶರಣ, ಹೆಂಡದ ಮಾರಯ್ಯನ ಬಗ್ಗೆ ಹೇಳುತ್ತಾರೆ. ಅವನನ್ನಂತೂ ಯಾವ ಮಾರ್ಕೆಟಿಂಗ್ ತರಬೇತಿಗೂ ಕರೆಯಲಾರರು! ವ್ಯಾಪಾರ ಶರಣರಿಗೆ ಹೇಸಿಗೆಯಾಗಿರಲಿಲ್ಲ. ಕೊಳ್ಳುವವನಿಗೆ ಇದು ಎಷ್ಟು ಬೇಕು ಎಂಬುದನ್ನೂ ಮಾರುವವನು ಯೋಚಿಸಬೇಕಾದೀತೇ ಎಂಬ ಪ್ರಶ್ನೆ ಅವರ ಬದುಕಿನೊಳಗಿತ್ತು. ಎದುರಿಗೆ ಗಿರಾಕಿ ಕೂತಾಗ ಆ ಪ್ರಶ್ನೆ ಒಮ್ಮೊಮ್ಮೆ ತಾನಾಗಿ ಏಳುತ್ತದೆ. ಸಾಲ ಮಾಡಿ ಬಂದವಳ ಮುಖ ನೋಡಿ ‘ಹಗುರದ್ದೇ ಸಾಕಲ್ಲವಾ ತಂಗಿ’ ಎನ್ನುವ ಅಂಗಡಿಯವರು ಈಗಲೂ ಇದ್ದಾರೆ. ಅದೇ ಮನುಷ್ಯನ ರೀಲ್ಸಿಗೆ ಯಾರ ಮುಖವೂ ಕಾಣುವುದಿಲ್ಲ.

ಆ ಅಕ್ಕ ಆರ್ಡರ್ ಅರವತ್ತಾದ ಕೂಡಲೇ ಸ್ಟೇಟಸ್ ಅಳಿಸಿಬಿಡುತ್ತಾಳೆ. ಇರಲಿ ಬಿಡು, ಬೇಡಿಕೆಯಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದೆ. ‘ಹಂಗ ಬಿಟ್ರ ಮಂದಿ ಫೋನ್ ಹಚ್ಚಿಕೋತನ ಇರ್ತಾರ್ರಿ. ಕೈ ತುಂಬ ಹೂರಣ, ಯಾರ್ ಎತ್ತಬೇಕು?’ ಎಂದಳು.