ದೀರ್ಘಾಯುಷ್ಯವನ್ನು ಬೇಡುವುದು ತಪ್ಪೋ?

ಓದತಕ್ಕ ವೇದಭಾಗಗಳು: 2 ಅರಸುಗಳು 20ನೆಯ ಅಧ್ಯಾಯ, ಫಿಲಿಪ್ಪಿಯವರಿಗೆ 1ನೆಯ ಅಧ್ಯಾಯ, 21ರಿಂದ 26ರ ವರೆಗೆ.



ಮೈಸೂರು ಪಟ್ಟಣದ ರಾಜೀವನಗರದಲ್ಲಿ ಒಂದು ಚಿಕ್ಕ ಮನೆಗೆ ನಾನು ಹೋಗಿದ್ದೆನು. ಹಳ್ಳಿಯ ಸಭೆಗೆ ಸೇರಿದ ಒಬ್ಬ ವೃದ್ಧ ತಾಯಿಯು ಔಷಧೋಪಚಾರಕ್ಕೋಸ್ಕರ ತಮ್ಮ ನೆಂಟರ ಆ ಮನೆಯಲ್ಲಿ ಇಳಿದುಕೊಂಡಿದ್ದರು. ಅವರ ಮಗಳು ತೀರಿಹೋಗಿದ್ದಳು. ಅವಳ ಒಂಬತ್ತು ವರುಷದ ಹುಡುಗಿಯನ್ನು ಇವರೇ ಸಾಕುತ್ತಿದ್ದರು. ನಾನು ಕೂತುಕೊಂಡ ಕೂಡಲೇ ಅವರು, "ಅಯ್ಯನವರೇ, ಇನ್ನು ಹತ್ತು ವರುಷ ಬದುಕಿಸು ಎಂದು ದಿನಾಲು ದೇವರನ್ನು ಕೇಳುತ್ತೇನೆ. ಇಷ್ಟು ವಯಸ್ಸಾದ ಮೇಲೂ ನಿನಗೆ ಲೋಕದ ಆಶೆ ಹೋಗಲಿಲ್ಲವೇ ಎಂದು ನಮ್ಮವರೇ ಹಂಗಿಸುತ್ತಾರೆ. ನಾನು ಕೇಳುವುದು ಪಾಪವೋ?" ಅಂದರು.

ನನ್ನ ಬಾಯಲ್ಲಿ ಉತ್ತರವು ಸಿದ್ಧವಾಗಿತ್ತು. ಪರಲೋಕದ ಮಹಿಮೆಯನ್ನು ಕುರಿತು ನಾಲ್ಕು ಮಾತು ಹೇಳಿ ಪ್ರಾರ್ಥನೆ ಮಾಡಿ ಎದ್ದೆನು. ಆ ತಾಯಿ ಮೌನವಾಗಿದ್ದರು. ನಾನು ಹೊಸ್ತಿಲು ದಾಟುವಾಗ ಆ ಹುಡುಗಿಯು ಅಜ್ಜಿಯ ಹಾಸಿಗೆಯ ಬಳಿಗೆ ಸರಿದು ಅವರ ಸೆರಗನ್ನು ಹಿಡಿದುಕೊಂಡದ್ದನ್ನು ಕಂಡೆನು. ಆಗ ನನಗೆ ನಾಚಿಕೆಯಾಯಿತು. ಯಾಕಂದರೆ, ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಆದಕಾರಣ ಈ ಪ್ರಶ್ನೆಯನ್ನು ವೇದದ ಮುಂದೆ ಇಟ್ಟು ನೋಡೋಣ.

ಮೊದಲನೆಯದಾಗಿ, ಹೆಚ್ಚು ದಿನಗಳನ್ನು ಬೇಡುವುದು ತಾನಾಗಿ ಪಾಪವಲ್ಲ. ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಾಗ ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳವಾಗಿ ಅತ್ತನು. ದೇವರು ಅವನನ್ನು ಗದರಿಸಿದನೋ? ಇಲ್ಲ. ಪ್ರವಾದಿಯಾದ ಯೆಶಾಯನು ಅರಮನೆಯ ಅಂಗಳವನ್ನು ದಾಟುವುದರೊಳಗೆ ಹದಿನೈದು ವರುಷಗಳ ವಾಗ್ದಾನವು ಬಂತು. ಹುಣ್ಣಿನ ಮೇಲೆ ಅಂಜೂರದ ಲೇಪವನ್ನು ಸಹ ಹಾಕಿಸಿದರು. ಪ್ರಾರ್ಥನೆಯೂ ಔಷಧವೂ ಅಲ್ಲಿ ಒಂದಕ್ಕೊಂದು ವಿರೋಧವಾಗಲಿಲ್ಲ.

ಬದುಕಬೇಕೆಂಬ ಆಶೆಯೇ ಪಾಪವಾಗಿದ್ದರೆ, ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಯಾಕೆ ತೆರೆಯಬೇಕಾಗಿತ್ತು? ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ 1947ರ ಸುಮಾರಿನಲ್ಲಿ ಜನರ ಸರಾಸರಿ ಆಯುಷ್ಯವು ಸುಮಾರು 32 ವರುಷಗಳು. ಈಗ ಅದು ಸುಮಾರು 70. ಆ ಕಾಲದಲ್ಲಿ ಮುದುಕರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ತೊಟ್ಟಿಲಲ್ಲಿಯೇ ತೀರಿಹೋದ ಕೂಸುಗಳೂ ಹೆರಿಗೆಯಲ್ಲಿ ಸತ್ತ ತಾಯಂದಿರೂ ಅಷ್ಟು ಮಂದಿ. ದೇವಿ ಹಾಕಿಸುವುದು, ಶುದ್ಧವಾದ ನೀರು, ಕಲಿತ ಸೂಲಗಿತ್ತಿ, ಇವುಗಳ ಮೂಲಕ ಆ ವರುಷಗಳು ನಮಗೆ ದೊರಕಿದವು. ಇವುಗಳನ್ನು ದೇವರ ದಾನವೆಂದು ಸ್ತೋತ್ರ ಮಾಡಿ, ಅದೇ ದಾನವನ್ನು ಬೇಡುವ ಮುದುಕಿಯನ್ನು ಹಂಗಿಸುವುದು ನ್ಯಾಯವೋ?

ಎರಡನೆಯದಾಗಿ, ಆ ದಿನಗಳನ್ನು ಯಾರಿಗೋಸ್ಕರ ಬೇಡುತ್ತೇವೆಂಬುದೇ ವಿಚಾರಿಸತಕ್ಕ ಸಂಗತಿ. ಹಿಜ್ಕೀಯನ ಕಥೆಯು ಹದಿನೈದು ವರುಷಗಳ ವಾಗ್ದಾನದೊಂದಿಗೆ ಮುಗಿಯುವುದಿಲ್ಲ. ಬಾಬೆಲಿನಿಂದ ಬಂದ ರಾಯಭಾರಿಗಳಿಗೆ ಅವನು ತನ್ನ ಭಂಡಾರವನ್ನೆಲ್ಲಾ ತೋರಿಸಿ ಹಿಗ್ಗಿದನು. ಇದೆಲ್ಲಾ ಮುಂದೆ ಸೂರೆಯಾಗುವುದು, ನಿನ್ನ ಸಂತಾನದವರೂ ಸೆರೆಗೆ ಹೋಗುವರು ಎಂದು ಯೆಶಾಯನು ತಿಳಿಸಿದಾಗ, ತನ್ನ ದಿನಗಳಲ್ಲಿ ಸಮಾಧಾನವಿದ್ದರೆ ಸಾಕೆಂದು ಅವನು ತೃಪ್ತನಾದನು. ತನ್ನ ಪ್ರಾಣಕ್ಕಾಗಿ ಅತ್ತವನ ಕಣ್ಣಲ್ಲಿ ಮಕ್ಕಳು ಮೊಮ್ಮಕ್ಕಳಿಗಾಗಿ ಒಂದು ಹನಿಯೂ ಬೀಳಲಿಲ್ಲ. ಅವನ ತರುವಾಯ ಪಟ್ಟಕ್ಕೆ ಬಂದ ಮನಸ್ಸೆಗೆ ಆಗ ಹನ್ನೆರಡೇ ವರುಷ. ಕೊಡಲ್ಪಟ್ಟ ಆ ಹೆಚ್ಚಿನ ವರುಷಗಳಲ್ಲಿಯೇ ಅವನು ಹುಟ್ಟಿ ಬೆಳೆದನು. ಅವನು ಎಂಥಾ ದುಷ್ಟ ಅರಸನಾದನೆಂದು ನೀವು ಬಲ್ಲಿರಿ. ಸ್ವಾರ್ಥವು ಬದುಕಬೇಕೆಂಬ ಆಶೆಯಲ್ಲಿ ಇರಲಿಲ್ಲ. ನನ್ನ ಕಾಲಕ್ಕೆ ಸಾಕು ಎಂಬ ಆ ತೃಪ್ತಿಯಲ್ಲಿ ಇತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ಸೀಮೆಯಲ್ಲಿಯೇ ಒಬ್ಬರನ್ನು ನೋಡಿರಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ನಮ್ಮ ಸಭೆಯವರಲ್ಲ. ಆದರೆ ಸಮಾರ್ಯದವನನ್ನು ಮಾದರಿಯಾಗಿ ಇಟ್ಟ ಕರ್ತನ ಶಿಷ್ಯರು ಒಳ್ಳೆಯದನ್ನು ಕಂಡಲ್ಲಿ ಕಲಿಯತಕ್ಕದ್ದು. ಅವರು ಓದು ಬರೆಹ ಅರಿಯದ ಕೂಲಿಯವರು, ಮಕ್ಕಳಿರಲಿಲ್ಲ. ತಮ್ಮ ಗಂಡ ಚಿಕ್ಕಯ್ಯನವರೊಂದಿಗೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ದನಕರುಗಳು ಮೇಯದ ಹಾಗೆ ಮುಳ್ಳಿನ ಬೇಲಿ ಕಟ್ಟಿ ಸಾಕಿದರು. ಆ ಮರಗಳು 385 ಎಂದು ಜನರು ಎಣಿಸುತ್ತಾರೆ. 1991ರಲ್ಲಿ ಚಿಕ್ಕಯ್ಯನವರು ತೀರಿಹೋದರು. ತಿಮ್ಮಕ್ಕನವರು ಇನ್ನೂ ಮೂವತ್ತು ವರುಷಗಳಿಗಿಂತ ಹೆಚ್ಚಾಗಿ ಬದುಕಿ, 2019ರಲ್ಲಿ ಪದ್ಮಶ್ರೀ ಪದವಿಯನ್ನು ಹೊಂದಿ, 2025ರ ನವೆಂಬರಿನಲ್ಲಿ 114 ವರುಷದವರಾಗಿ ಕಣ್ಣುಮುಚ್ಚಿದರು. ಆಲವು ನೆಟ್ಟವರಿಗೆ ಬೇಗನೆ ನೆರಳು ಕೊಡುವ ಮರವಲ್ಲ. ಅದನ್ನು ನೆಡುವವರು ತಾವು ಕಾಣದ ದಾರಿಗರನ್ನು ಪ್ರೀತಿಸಬೇಕು. ಅರಸನು ನನ್ನ ದಿನಗಳು ಅಂದನು; ಕೂಲಿಯಾಕೆಯು ಬರುವವರ ದಿನಗಳಿಗೆ ನೀರು ಹೊತ್ತಳು.

ಅಪೊಸ್ತಲನಾದ ಪೌಲನು ಸೆರೆಮನೆಯಲ್ಲಿ ಇದೇ ತಕ್ಕಡಿಯನ್ನು ಹಿಡಿದನು. ಹೊರಟುಹೋಗಿ ಕ್ರಿಸ್ತನ ಬಳಿಯಲ್ಲಿರುವುದು ಅವನಿಗೆ ಬಹು ಲಾಭವಾಗಿ ತೋರಿತು. ಆದರೆ ಫಿಲಿಪ್ಪಿಯವರ ನಿಮಿತ್ತವಾಗಿ ಇಲ್ಲಿ ಉಳಿಯುವುದು ಹೆಚ್ಚು ಅವಶ್ಯವೆಂದು ನಿರ್ಣಯಿಸಿದನು. ಪರಲೋಕವನ್ನು ಅವನಷ್ಟು ಆಶಿಸಿದವರು ಯಾರು? ಆದರೂ ಉಳಿಯುವುದಕ್ಕೆ ಒಪ್ಪಿದನು.

ಮೂರನೆಯದಾಗಿ, ದುಡಿಯಲಾರದ ದಿನಗಳನ್ನು ವ್ಯರ್ಥವೆಂದು ಎಣಿಸಬೇಡಿರಿ. ನಾನು ಯಾರಿಗೂ ಬೇಡ, ಮಕ್ಕಳಿಗೆ ಭಾರವಾಗಿದ್ದೇನೆ ಎಂದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಜಗಲಿಯ ಮೂಲೆಯಲ್ಲಿ ನಿಟ್ಟುಸಿರು ಬಿಡುತ್ತಾರೆ. ಇನ್ನೊಬ್ಬರ ಕೈಯಿಂದ ಗಂಜಿ ಕುಡಿಯುವುದು ನಾಚಿಕೆಯಲ್ಲ. ನೀವು ಅವರನ್ನು ಎತ್ತಿ ಸಾಕಿದ ಹಾಗೆಯೇ ಅವರು ನಿಮ್ಮನ್ನು ಎತ್ತಿ ಕೂರಿಸಲಿ. ಮಕ್ಕಳಾದವರೇ, ಹಿರಿಯರ ಔಷಧದ ಚೀಟಿಯನ್ನು ನೋಡಿ ಅವರ ದಿನಗಳನ್ನು ಲೆಕ್ಕ ಹಾಕಬೇಡಿರಿ. ಅಲ್ಪಾಯುಷ್ಯದಲ್ಲಿ ತೀರಿದವರನ್ನು ನೆನಸಿ ಅಳುವವರೇ, ನಮ್ಮ ಕರ್ತನು ಈ ಲೋಕದಲ್ಲಿ ಜೀವಿಸಿದ್ದು ಮೂವತ್ತಮೂರು ವರುಷಗಳೆಂದು ಎಣಿಸುತ್ತೇವೆ. ಒಂಬೈನೂರ ಅರವತ್ತೊಂಬತ್ತು ವರುಷ ಬದುಕಿದ ಮೆತೂಷೆಲಹನ ವಿಷಯದಲ್ಲಿ ವೇದವು ಹೇಳುವುದು ಕೆಲವೇ ಸಾಲುಗಳು. ದೇವರ ಅಳತೆಯು ವರುಷಗಳ ಅಳತೆಯಲ್ಲ.

ತರುವಾಯ ನಾನು ತಿರಿಗಿ ರಾಜೀವನಗರಕ್ಕೆ ಹೋದೆನು. "ಅಮ್ಮಾ, ಆ ದಿವಸ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನೀವು ಕೇಳುವುದು ಪಾಪವಲ್ಲ, ಇಬ್ಬರೂ ಕೂಡಿ ಕೇಳೋಣ" ಅಂದೆನು. ಆ ಹತ್ತು ವರುಷಗಳಿಗಾಗಿ ಪ್ರಾರ್ಥಿಸಿದೆವು. ಬಳಿಕ, ಯೆಶಾಯನು ಅರಸನಿಗೆ ಮನೆಯನ್ನು ವ್ಯವಸ್ಥೆಮಾಡಿಕೊಳ್ಳಲು ಹೇಳಿದ ಮಾತನ್ನೂ ನೆನಪಿಗೆ ತಂದೆನು. ದೇವರು ಹತ್ತು ವರುಷ ಕೊಟ್ಟರೂ ಹತ್ತು ತಿಂಗಳು ಕೊಟ್ಟರೂ ಹುಡುಗಿಯು ದಿಕ್ಕಿಲ್ಲದವಳಾಗಬಾರದು. ಆ ತಾಯಿ ಬಹಳ ಹೊತ್ತು ಯೋಚಿಸಿ, ತಮ್ಮ ಸಭೆಯ ಒಂದು ಕುಟುಂಬದವರನ್ನು ಕರೆಕಳುಹಿಸಿದರು. ಅವರು ಬಂದು, ಅಜ್ಜಿಯ ಮುಂದೆಯೇ ಹುಡುಗಿಯ ಕೈ ಹಿಡಿದು, "ಇವಳು ನಮ್ಮ ಮನೆಯ ಮಗಳು" ಅಂದರು. ಆಗ ಆ ತಾಯಿ, "ಈಗ ದೇವರು ಎಷ್ಟು ಕೊಟ್ಟರೂ ಸಾಕು ಅಯ್ಯನವರೇ, ಆದರೆ ಹತ್ತನ್ನು ಕೇಳುವುದನ್ನು ಬಿಡುವುದಿಲ್ಲ" ಎಂದು ನಕ್ಕರು.

ಪ್ರಿಯರೇ, ನೀವೂ ಬಿಡಬೇಡಿರಿ. ದಿನಗಳನ್ನು ಧೈರ್ಯವಾಗಿ ಕೇಳಿರಿ. ಕೇಳುವಾಗ, ಯಾರಿಗೋಸ್ಕರ ಎಂದು ನಿಮ್ಮ ಹೃದಯವನ್ನು ವಿಚಾರಿಸಿರಿ; ಈ ವಾರವೇ ಆ ಒಬ್ಬರಿಗೋಸ್ಕರ ಒಂದು ಕೆಲಸವನ್ನು ಮಾಡಿರಿ. ನಮ್ಮ ಕಾಲಗಳು ಯಾರ ಕೈಯಲ್ಲಿವೆಯೋ ಆ ತಂದೆಯು ಕೊಟ್ಟ ದಿನಗಳನ್ನು ಹಂಚಿಕೊಂಡು ಬದುಕುವ ಕೃಪೆಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.